ಕೇಸು ಗೀಸು ಐತಾ ನೋಡಪ್ಪ

ದೊಡ್ಡಮ್ಮನ ಫೋನ್ ಬಂದಾಗ ನಾನು ಬೆಂಗಳೂರಿಂದ ತುಮಕೂರಿಗೆ ವಾಪಸ್ ಬರೋ ಸಂಜೆ ರೈಲಲ್ಲಿದ್ದೆ. ನಿಡವಂದ ದಾಟಿತ್ತು. ನಿಂತುಕೊಂಡೇ ಫೋನ್ ಎತ್ತಿದೆ.

"ಲೋ, ನೀನು ಕಂಪ್ಯೂಟರ್ ಕೆಲಸದೋನಲ್ವಾ? ಕೋರ್ಟಿಂದು ಏನೋ ವೆಬ್‌ಸೈಟ್ ಐತಂತೆ. ಗುಬ್ಬಿ ಕಡೆಯಿಂದ ಒಂದು ಸಂಬಂಧ ಬಂದೈತೆ ನಮ್ಮ ಹುಡುಗಿಗೆ. ಎಲ್ಲಾ ಸರಿಯಾಗೈತೆ. ಸುಮ್ನೆ ಕೇಸು ಗೀಸು ಐತಾ ನೋಡಪ್ಪ."

ಹುಡುಗನ ಹೆಸರು ಹೇಳಿದರು. ನಾನು ಅಲ್ಲೇ ಮೊಬೈಲಲ್ಲಿ ಇ-ಕೋರ್ಟ್ಸ್ ತೆರೆದೆ. ರೈಲು ಕ್ಯಾತ್ಸಂದ್ರಕ್ಕೆ ಬರೋ ಹೊತ್ತಿಗೆ ಹೆಸರು ಸಿಕ್ಕಿತ್ತು. ಗುಬ್ಬಿ ಕೋರ್ಟು, ಸಿ.ಸಿ. ಅಂದರೆ ಕ್ರಿಮಿನಲ್ ಕೇಸು. ಒಂದು ಕಡೆ ಸರ್ಕಾರ, ಇನ್ನೊಂದು ಕಡೆ ಆ ಹೆಸರು. ಸ್ಟೇಷನ್ನಲ್ಲಿ ಇಳಿದು, ಮರಳೂರಿಗೆ ಹೋಗೋ ಆಟೋದಲ್ಲಿ ಕೂತು ದೊಡ್ಡಮ್ಮನಿಗೆ ಹೇಳಿದೆ: "ಒಂದು ಕ್ರಿಮಿನಲ್ ಕೇಸ್ ಇದೆ ದೊಡ್ಡಮ್ಮ. ಮುಗಿದಿದೆ ಅಂತ ತೋರಿಸ್ತಿದೆ." ದೊಡ್ಡಮ್ಮ ವಾಕ್ಯದ ಮೊದಲನೇ ಅರ್ಧ ಮಾತ್ರ ಕೇಳಿಸಿಕೊಂಡರು. ತಪ್ಪು ಅವರದಲ್ಲ. ನಾನೇ ಅದನ್ನು ಹಾಗೆ ಹೇಳಿದ್ದೆ.

ಮುಂದಿನದು ಆಮೇಲೆ ಹೇಳ್ತೀನಿ. ಸಿನಿಮಾ, ಹೋಟೆಲು, ಫೋನು ಎಲ್ಲದಕ್ಕೂ ವಿಮರ್ಶೆ ಬರೀತೀವಿ. ಇವತ್ತು ಕೋರ್ಟಿನ ವೆಬ್‌ಸೈಟಿಗೆ ಒಂದು ವಿಮರ್ಶೆ ಬರೆಯೋಣ. ಯಾಕಂದ್ರೆ ಮನೆ ಬಾಡಿಗೆಗೆ ಕೊಡೋರು, ಹೆಣ್ಣು ಕೊಡೋರು, ಕೆಲಸಕ್ಕೆ ತಗೊಳ್ಳೋರು, ಸೈಟು ಕೊಳ್ಳೋರು ಎಲ್ಲರೂ ಈಗ ಅದನ್ನ ನೋಡ್ತಾರೆ. ಹೇಗೆ ಓದಬೇಕು ಅಂತ ಮಾತ್ರ ಯಾರೂ ಹೇಳಿಕೊಡಲ್ಲ.

ಮೊದಲು ಹೊಗಳಿಕೆ. ಇದಕ್ಕೆ ಅದು ಸಲ್ಲಬೇಕು. ಹದಿನೈದು ಇಪ್ಪತ್ತು ವರ್ಷದ ಹಿಂದೆ ಒಂದು ಕೇಸಿನ ಮುಂದಿನ ವಾಯಿದೆ ಯಾವತ್ತು ಅಂತ ತಿಳ್ಕೊಳ್ಳೋಕೆ ಕುಣಿಗಲ್ಲಿಂದ ಬಸ್ ಹತ್ತಿ ಬಂದು ವಕೀಲರ ಗುಮಾಸ್ತರಿಗಾಗಿ ಕಾಯಬೇಕಿತ್ತು. ಈಗ ಅದು ಜೇಬಿನಲ್ಲಿದೆ. ದೇಶದ ಜಿಲ್ಲಾ ಮತ್ತು ತಾಲ್ಲೂಕು ಕೋರ್ಟುಗಳನ್ನು ಒಂದೇ ತಂತ್ರಾಂಶಕ್ಕೆ ತರುವ ಈ ಕೆಲಸವನ್ನು ಸುಪ್ರೀಂ ಕೋರ್ಟಿನ ಇ-ಸಮಿತಿಯ ಉಸ್ತುವಾರಿಯಲ್ಲಿ ಎನ್‌ಐಸಿಯವರು ಮಾಡಿದ್ದಾರೆ. ಮೂರನೇ ಹಂತಕ್ಕೆ ಕೇಂದ್ರ ಸಂಪುಟ 2023ರ ಸೆಪ್ಟೆಂಬರಿನಲ್ಲಿ 7,210 ಕೋಟಿ ರೂಪಾಯಿ ಒಪ್ಪಿತು. ನೋಡೋಕೆ ದುಡ್ಡು ಕೊಡಬೇಕಾಗಿಲ್ಲ, ಲಾಗಿನ್ ಬೇಡ, ಯಾಕೆ ನೋಡ್ತಿದ್ದೀಯ ಅಂತ ಯಾರೂ ಕೇಳಲ್ಲ. ಕಕ್ಷಿದಾರನಿಗೆ ಇದು ವರ. ನನ್ನ ತಕರಾರು ಏನಿದ್ದರೂ ಕಕ್ಷಿದಾರ ಅಲ್ಲದವನು, ಅಂದರೆ ನನ್ನಂಥ ಮೂರನೆಯವನು, ಇದನ್ನ ತೆರೆದಾಗ ಆಗುವುದರ ಬಗ್ಗೆ.

ತೆರೆಯುವುದು ಸುಲಭ. 'ಕೇಸ್ ಸ್ಟೇಟಸ್' ಒತ್ತಿ, ರಾಜ್ಯ ಕರ್ನಾಟಕ, ಜಿಲ್ಲೆ ತುಮಕೂರು ಆರಿಸಿದರೆ ಮುಂದೆ 'ಕೋರ್ಟ್ ಕಾಂಪ್ಲೆಕ್ಸ್' ಅಂತ ಒಂದು ಪಟ್ಟಿ ಬರುತ್ತೆ. ಮೊದಲ ಗುಂಡಿ ಇಲ್ಲೇ ಇದೆ. ತುಮಕೂರು, ಗುಬ್ಬಿ, ಕುಣಿಗಲ್, ತಿಪಟೂರು, ಶಿರಾ, ಮಧುಗಿರಿ, ಪಾವಗಡ ಹೀಗೆ ಒಂದೊಂದು ಊರಿನ ಕೋರ್ಟೂ ಬೇರೆ ಬೇರೆ. ಹೆಸರು ಹಾಕಿ ಇಡೀ ಜಿಲ್ಲೆಯನ್ನ ಒಂದೇ ಸಲ ಹುಡುಕೋಕೆ ಆಗಲ್ಲ. ಮರಳೂರಿನವನೊಬ್ಬನ ಹೆಸರನ್ನು ತುಮಕೂರಿನಲ್ಲಿ ಹುಡುಕಿ 'ಏನೂ ಇಲ್ಲ' ಅಂತ ಬಂದರೆ, ಕುಣಿಗಲ್ಲಿನಲ್ಲೂ ಇಲ್ಲ ಅಂತಲ್ಲ. ಬೆಂಗಳೂರಲ್ಲಿ ಇಲ್ಲ ಅಂತಂತೂ ಅಲ್ಲವೇ ಅಲ್ಲ. ಇದರ ಜೊತೆಗೆ ವರ್ಷವನ್ನೂ ತುಂಬಬೇಕು. ಹತ್ತು ವರ್ಷ ನೋಡಬೇಕಂದ್ರೆ ಹತ್ತು ಸಲ, ಪ್ರತಿ ಸಲವೂ ವಕ್ರ ಅಕ್ಷರದ ಕ್ಯಾಪ್ಚಾ. ಆದ್ದರಿಂದ 'ನೋಡಿದೆ, ಕ್ಲೀನ್ ಇದಾನೆ' ಅನ್ನೋ ಮಾತು ಯಾವಾಗಲೂ ಅರ್ಧ ಸುಳ್ಳು. 'ಇಂಥ ಊರಿನ ಕೋರ್ಟಲ್ಲಿ, ಇಂಥ ವರ್ಷದ್ದು, ಈ ಸ್ಪೆಲ್ಲಿಂಗಲ್ಲಿ ನನಗೆ ಸಿಗಲಿಲ್ಲ' ಅಂತ ಹೇಳಿದರೆ ಮಾತ್ರ ನಿಜ.

ಸ್ಪೆಲ್ಲಿಂಗ್ ಅಂದೆನಲ್ಲ, ಅದೇ ಎರಡನೇ ಗುಂಡಿ. ನಮ್ಮ ಕಡೆ ಹೆಸರುಗಳು ಎಲ್ಲಿಂದ ಬರುತ್ತವೆ ಅಂತ ಒಂದ್ಸಲ ಯೋಚನೆ ಮಾಡಿ. ಎಡೆಯೂರಿನ ಸಿದ್ಧಲಿಂಗೇಶ್ವರ, ಗುಬ್ಬಿಯ ಚನ್ನಬಸವೇಶ್ವರ, ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು. ಈ ಮೂವರ ಹೆಸರಿಟ್ಟುಕೊಂಡ ಗಂಡಸರನ್ನೆಲ್ಲ ಒಂದೆಡೆ ಸೇರಿಸಿದರೆ ಜಾತ್ರೆಯೇ ಆಗುತ್ತೆ. ಮೇಲಿಂದ ಮಂಜುನಾಥರು, ರಂಗನಾಥರು, ಗಂಗಾಧರರು. ಮನೆತನದ ಹೆಸರು ಅಂತ ಬಹಳ ಜನಕ್ಕೆ ಇಲ್ಲ. ಇರೋದು ಒಂದು ಇನಿಷಿಯಲ್ಲು, ಅದೂ ಪೊಲೀಸರು ಬರೆದುಕೊಂಡಾಗ ಇರಬಹುದು ಇಲ್ಲದಿರಬಹುದು. ದಾಖಲೆಗಳಲ್ಲಿ ಹೆಸರು ಹೆಚ್ಚಾಗಿ ಇಂಗ್ಲಿಷ್ ಅಕ್ಷರದಲ್ಲಿರುತ್ತೆ. ಕೊನೆಗೊಂದು 'ಎ' ಇದ್ದರೆ ಒಬ್ಬ ಮಂಜುನಾಥ, ಇಲ್ಲದಿದ್ದರೆ ಇನ್ನೊಬ್ಬ. ಸಿದ್ದಲಿಂಗಯ್ಯ ಅನ್ನೋದನ್ನ ಬರೆಯೋಕೆ ಎಷ್ಟು ದಾರಿ ಇದೆಯೋ ಅಷ್ಟು ಜನ ಸಿದ್ದಲಿಂಗಯ್ಯಂದಿರು. ಮನೇಲಿ ಕರೆಯೋ ಹೆಸರು ಬೇರೆ ಇದ್ದರೆ ನಡುವೆ 'ಅಲಿಯಾಸ್' ಬರುತ್ತೆ. ಊರಿನ ಹೆಸರೇ 2014ರ ನವೆಂಬರ್ 1ರವರೆಗೆ ಇಂಗ್ಲಿಷಿನಲ್ಲಿ ಒಂದು ಥರ ಇತ್ತು, ಆಮೇಲೆ ಇನ್ನೊಂದು ಥರ ಆಯಿತು. ಊರಿಗೇ ಹೀಗಾದ ಮೇಲೆ ಮನುಷ್ಯರ ಪಾಡೇನು?

ಹೆಸರಿನಿಂದ ಹುಡುಕಿದಾಗ ಬರೋ ಪಟ್ಟಿಯಲ್ಲಿ ಕಾಣೋದು ಕೇಸಿನ ನಮೂನೆ, ನಂಬರು, ವರ್ಷ, ಯಾರ ಮೇಲೆ ಯಾರು, ಇಷ್ಟೇ. ವಯಸ್ಸು, ತಂದೆ ಹೆಸರು, ಊರು ಆ ಪಟ್ಟಿಯಲ್ಲಿ ಬರಲ್ಲ. ಅಮೆರಿಕದಲ್ಲಿ ಕೌಂಟಿ ಕೋರ್ಟಿನ ದಾಖಲೆ ಹುಡುಕೋವಾಗ ಹೆಸರಿನ ಜೊತೆ ಹುಟ್ಟಿದ ದಿನಾಂಕವನ್ನೂ ತಾಳೆ ನೋಡೋದು ಮಾಮೂಲು. ಹಾಗಿದ್ದೂ ಅಲ್ಲಿ ಒಬ್ಬರ ಕೇಸು ಇನ್ನೊಬ್ಬರ ತಲೆಗೆ ಬೀಳೋದು ನಿಂತಿಲ್ಲ. ಜನಕ್ಕಿಂತ ಹೆಸರು ಕಮ್ಮಿ ಇರೋ ನಮ್ಮ ಜಿಲ್ಲೆಯಲ್ಲಿ ಬರೀ ಹೆಸರನ್ನು ನಂಬೋದು ಅಂದ್ರೆ ಬಸ್ ಸ್ಟ್ಯಾಂಡಲ್ಲಿ ನಿಂತು 'ಮಂಜಣ್ಣಾ' ಅಂತ ಕೂಗಿ ಮೊದಲು ತಿರುಗಿದವನನ್ನ ಹಿಡಿದುಕೊಂಡ ಹಾಗೆ.

ಸರಿಯಾದ ದಾರಿ ಹೆಸರಲ್ಲ, ನಂಬರು. ಪ್ರತಿ ಕೇಸಿಗೂ ಸಿಎನ್‌ಆರ್ ಅಂತ 16 ಅಕ್ಷರ-ಅಂಕಿಗಳ ಗುರುತು ಇರುತ್ತೆ. ಮೊದಲ ಎರಡು ಅಕ್ಷರ ರಾಜ್ಯಕ್ಕೆ, ಮುಂದಿನ ಎರಡು ಜಿಲ್ಲೆಗೆ, ಆಮೇಲೆ ಕೋರ್ಟಿನ ಸಂಕೇತ, ಕ್ರಮಸಂಖ್ಯೆ, ಕೊನೆಯ ನಾಲ್ಕು ಅಂಕಿ ವರ್ಷ. ಅದು ಗೊತ್ತಿದ್ದರೆ ನೇರವಾಗಿ ಒಂದೇ ಕೇಸು ಬರುತ್ತೆ. ಗೊತ್ತಿಲ್ಲದಿದ್ದರೆ ಪೊಲೀಸ್ ಠಾಣೆ, ಎಫ್‌ಐಆರ್ ನಂಬರು, ವರ್ಷ ಹಾಕಿ ಹುಡುಕಬಹುದು. ಆದರೆ ಎಫ್‌ಐಆರ್ ಆದ ಮಾತ್ರಕ್ಕೆ ಕೋರ್ಟಲ್ಲಿ ಸಿ.ಸಿ. ನಂಬರ್ ಬೀಳಲ್ಲ. ತನಿಖೆ ಮುಗಿದು, ದೋಷಾರೋಪ ಪಟ್ಟಿ ಸಲ್ಲಿಕೆಯಾಗಿ, ಕೋರ್ಟು ಅದನ್ನ ತಗೊಂಡ ಮೇಲೆ ಬೀಳುತ್ತೆ.

ಇನ್ನು ಕೇಸು ಸಿಕ್ಕಿತು ಅಂತಿಟ್ಟುಕೊಳ್ಳಿ. ಈಗ ಓದೋದು ಹೇಗೆ? 'ಸಿ.ಸಿ.' ಅಂದ ಕೂಡಲೇ ಕೊಲೆ ದರೋಡೆ ಅಂದುಕೊಳ್ಳಬೇಡಿ. ಚೆಕ್ ಬೌನ್ಸ್ ಆದರೂ ಸಿ.ಸಿ.ಯೇ. 1881ರ ಕಾಯ್ದೆಯ 138ನೇ ಸೆಕ್ಷನ್ನು ಎಷ್ಟು ಬಳಕೆಯಲ್ಲಿದೆ ಅಂದ್ರೆ ಅಂಗಡಿಯವರು 'ಅವನ ಮೇಲೆ ಒನ್ ಥರ್ಟಿಯೆಯ್ಟ್ ಹಾಕ್ತೀನಿ' ಅಂತ ಕ್ರಿಯಾಪದದ ಹಾಗೆ ಬಳಸ್ತಾರೆ. ಹೆದ್ದಾರಿಯಲ್ಲಿ ಬೈಕು ತಾಗಿ ಇನ್ನೊಬ್ಬರಿಗೆ ಗಾಯವಾದರೂ ಓಡಿಸಿದವನ ಮೇಲೆ ಸಿ.ಸಿ. ಆಗುತ್ತೆ. 'ಎಸ್.ಸಿ.' ಅಂದರೆ ಸೆಷನ್ಸ್ ಕೇಸು, ದೊಡ್ಡ ಅಪರಾಧಗಳದ್ದು. 'ಸ್ಪೆಷಲ್' ಅಂದರೆ ಪೋಕ್ಸೋ, ಲಂಚ ಹೀಗೆ ವಿಶೇಷ ಕಾಯ್ದೆಗಳದ್ದು. 'ಪಿ.ಸಿ.ಆರ್.' ಅಂದರೆ ಯಾರೋ ಒಬ್ಬರು ಪೊಲೀಸರನ್ನ ಬಿಟ್ಟು ನೇರವಾಗಿ ಮ್ಯಾಜಿಸ್ಟ್ರೇಟರ ಮುಂದೆ ಕೊಟ್ಟ ಖಾಸಗಿ ದೂರು. ಕೋರ್ಟು ಅದನ್ನ ಇನ್ನೂ ಒಪ್ಪಿಲ್ಲದೇ ಇರಬಹುದು. 'ಕ್ರಿಮಿನಲ್ ಮಿಸಲೇನಿಯಸ್' ಅಂದರೆ ಜಾಮೀನು ಅರ್ಜಿ ಥರದ್ದು. ಒಂದೇ ಘಟನೆಗೆ ಒಬ್ಬನ ಹೆಸರಲ್ಲಿ ಮೂರು ನಂಬರು ಇದ್ದರೆ ಮೂರು ಅಪರಾಧ ಅಂತಲ್ಲ.

ಮುಂದಿನದು 'ಡಿಸ್ಪೋಸ್ಡ್'. ಈ ತಾಣದಲ್ಲಿ ಅತಿ ಹೆಚ್ಚು ದಾರಿ ತಪ್ಪಿಸೋ ಪದ ಇದೇ. ಇತ್ಯರ್ಥ ಅಂತ ಅರ್ಥ. ಆದರೆ ಹೇಗೆ ಇತ್ಯರ್ಥ? ಖುಲಾಸೆ ಆದರೂ ಡಿಸ್ಪೋಸ್ಡ್, ಶಿಕ್ಷೆ ಆದರೂ ಡಿಸ್ಪೋಸ್ಡ್, ರಾಜಿ ಆದರೂ ಡಿಸ್ಪೋಸ್ಡ್. ಕೊಲೆ ಕೇಸನ್ನು ಕುಣಿಗಲ್ ಮ್ಯಾಜಿಸ್ಟ್ರೇಟರು ಸೆಷನ್ಸ್ ಕೋರ್ಟಿಗೆ ಒಪ್ಪಿಸಿದಾಗಲೂ ಹಳೇ ನಂಬರಿನ ಮುಂದೆ ಡಿಸ್ಪೋಸ್ಡ್ ಅಂತಲೇ ಬೀಳುತ್ತೆ. ಅಸಲಿ ವಿಚಾರಣೆ ಹೊಸ ನಂಬರಿನಲ್ಲಿ ಆಗಷ್ಟೇ ಶುರುವಾಗಿರುತ್ತೆ. ಐದು ಜನ ಆರೋಪಿಗಳಲ್ಲಿ ಒಬ್ಬ ತಲೆಮರೆಸಿಕೊಂಡರೆ ಅವನ ಭಾಗವನ್ನು 'ಸ್ಪ್ಲಿಟ್ ಅಪ್' ಮಾಡಿ ಬೇರೆ ನಂಬರ್ ಕೊಡ್ತಾರೆ. ಉಳಿದ ನಾಲ್ವರು ಖುಲಾಸೆಯಾಗಿ ಹೋಗಿರಬಹುದು, ಅವನದು ಮಾತ್ರ ವರ್ಷಗಟ್ಟಲೆ 'ಬಾಕಿ'. ಇನ್ನೊಂದು ಕಡೆ, ಹೈಕೋರ್ಟು ಕೇಸನ್ನೇ ರದ್ದು ಮಾಡಿದ್ದರೆ ಆ ಆದೇಶ ಹೈಕೋರ್ಟಿನ ತಾಣದಲ್ಲಿರುತ್ತೆ. ಕೆಳಗಿನ ಕೋರ್ಟಿನ ಪುಟ ಮಾತ್ರ ನೋಡಿದವನಿಗೆ ಅದು ಕಾಣಲೇಬೇಕೆಂದಿಲ್ಲ. ತುಮಕೂರು ಜಿಲ್ಲೆಯದ್ದಾದರೆ ಬೆಂಗಳೂರಿನ ಪ್ರಧಾನ ಪೀಠದಲ್ಲಿ ಹುಡುಕಬೇಕು, ಧಾರವಾಡ ಕಲಬುರಗಿಯಲ್ಲಲ್ಲ.

ಹಾಗಾಗಿ ಡಿಸ್ಪೋಸ್ಡ್ ಅಂತ ಕಂಡರೆ ಅಲ್ಲಿಗೇ ನಿಲ್ಲಬೇಡಿ. ಕೆಳಗೆ ಹೋದರೆ ಇತ್ಯರ್ಥದ ಸ್ವರೂಪ ಅಂತ ಒಂದು ಸಾಲಿರುತ್ತೆ. ಅದಕ್ಕಿಂತ ಕೆಳಗೆ, ಹಾಕಿದ್ದರೆ, ತೀರ್ಪಿನ ಪಿಡಿಎಫ್. ನಮ್ಮ ತಾಲ್ಲೂಕು ಕೋರ್ಟುಗಳ ತೀರ್ಪು ಎಷ್ಟೋ ಸಲ ಕನ್ನಡದಲ್ಲೇ ಇರುತ್ತೆ, ಓದಬಹುದು. ಮೊದಲ ಪುಟದಲ್ಲಿ ಆರೋಪಿಯ ತಂದೆ ಹೆಸರು, ವಯಸ್ಸು, ಊರು. ಕೊನೆ ಪುಟದಲ್ಲಿ 'ಆದೇಶ'. ಅಲ್ಲಿ ಒಂದು ಸೆಕ್ಷನ್ ನಂಬರ್ ಹುಡುಕಿ. ಹಳೇ ದಂಡ ಪ್ರಕ್ರಿಯಾ ಸಂಹಿತೆಯ 248(1) ಅಥವಾ 255(1) ಇದ್ದರೆ ಖುಲಾಸೆ. 248(2) ಅಥವಾ 255(2) ಇದ್ದರೆ ಅಪರಾಧಿ. 320(8) ಇದ್ದರೆ ರಾಜಿ, ಕಾನೂನಿನ ಕಣ್ಣಲ್ಲಿ ಅದೂ ಖುಲಾಸೆಗೇ ಸಮ. 239 ಇದ್ದರೆ ವಿಚಾರಣೆಗೆ ಮೊದಲೇ ಆರೋಪದಿಂದ ಬಿಡುಗಡೆ. 2024ರ ಜುಲೈ 1ರಿಂದ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಈ ನಂಬರುಗಳು ಬದಲಾಗಿವೆ: 248ರ ಜಾಗದಲ್ಲಿ 271, 255ರ ಜಾಗದಲ್ಲಿ 278, 320ರ ಜಾಗದಲ್ಲಿ 359. ಒಂದು ಆವರಣದೊಳಗಿನ ಒಂದು ಮತ್ತು ಎರಡರ ಮಧ್ಯೆ ಒಬ್ಬ ಮನುಷ್ಯನ ಮಾನ ಇದೆ. ತಾಣ ಅದನ್ನ ಪಿಡಿಎಫ್‌ನ ಕೊನೆ ಪುಟದಲ್ಲಿ ಇಟ್ಟಿದೆ, 'ಕ್ರಿಮಿನಲ್ ಕೇಸ್' ಅನ್ನೋದನ್ನ ಮೊದಲ ಪುಟದಲ್ಲಿ.

ನಾನು ಆ ಕೊನೆ ಪುಟ ನೋಡಿದ್ದು ಎರಡು ದಿನ ಆದಮೇಲೆ. ಭಾನುವಾರ ಮನೇಲಿ ಸುಮ್ಮನೆ ಕೂತಿದ್ದಾಗ ಏನೋ ಕಸಿವಿಸಿ ಆಗಿ ಲ್ಯಾಪ್‌ಟಾಪ್ ತೆಗೆದೆ. ಸೆಕ್ಷನ್: ಕರ್ನಾಟಕ ಪೊಲೀಸ್ ಕಾಯ್ದೆ, 87. ಸಾರ್ವಜನಿಕ ಜಾಗದಲ್ಲಿ ಜೂಜು. ಯುಗಾದಿ ಹೊತ್ತಲ್ಲಿ ಹುಣಸೆ ಮರದ ಕೆಳಗೆ ಅಂದರ್ ಬಾಹರ್ ಆಡುತ್ತಾ ಸಿಕ್ಕಿಬಿದ್ದ ಆರು ಜನ. ತಪ್ಪೊಪ್ಪಿಗೆ, ದಂಡ, ಮುಕ್ತಾಯ. ಆ ಹೆಸರಿನ ಆರೋಪಿಗೆ ಐವತ್ತು ದಾಟಿದ ವಯಸ್ಸು. ತಂದೆ ಹೆಸರು ಬೇರೆ. ಊರು ಬೇರೆ. ನಮ್ಮ ಹುಡುಗಿಗೆ ನೋಡಿದ್ದ ಹುಡುಗ ಇವನಲ್ಲವೇ ಅಲ್ಲ.

ತಕ್ಷಣ ದೊಡ್ಡಮ್ಮನಿಗೆ ಫೋನ್ ಮಾಡಿದೆ. ಅಷ್ಟೊತ್ತಿಗೆ ಆ ಕಡೆಯವರಿಗೆ 'ಜಾತಕ ಕೂಡಿ ಬರ್ತಿಲ್ಲ' ಅಂತ ಹೇಳಿಯಾಗಿತ್ತು. "ಇರ್ಲಿ ಬಿಡಪ್ಪ, ಅವರಿಗೇನು ನಿಜ ಗೊತ್ತಾಗಿಲ್ವಲ್ಲ" ಅಂದರು ದೊಡ್ಡಮ್ಮ. ಅವರು ಅದನ್ನ ಸಮಾಧಾನಕ್ಕೆ ಹೇಳಿದ್ದು. ನನ್ನ ತಲೆಯಲ್ಲಿ ಇವತ್ತಿಗೂ ಕೂತಿರೋದು ಅದೇ ಮಾತು. ಕೋರ್ಟಲ್ಲಿ ಆರೋಪಿಗೆ ಆರೋಪ ಏನು ಅಂತ ಓದಿ ಹೇಳ್ತಾರೆ, ಒಪ್ತೀಯಾ ಅಂತ ಕೇಳ್ತಾರೆ. ನಾನು ನಡೆಸಿದ ವಿಚಾರಣೆಯಲ್ಲಿ ಹುಡುಗನಿಗೆ ಆರೋಪವನ್ನೇ ತಿಳಿಸಲಿಲ್ಲ.

ಹಾಗಾದರೆ ಇದನ್ನೆಲ್ಲ ಮುಚ್ಚಿಬಿಡಬೇಕಾ? ಬೇಡ. ಇಲ್ಲಿ ನಾನು ವಿಮರ್ಶೆಯ ನಿಜವಾದ ಪ್ರಶ್ನೆಗೆ ಬರ್ತೀನಿ: ಈ ದಾಖಲೆ ತೆರೆದಿರೋದು ಯಾತಕ್ಕೆ?

ಕೋರ್ಟು ತೆರೆದ ಬಾಗಿಲಿನಲ್ಲಿ ನಡೀಬೇಕು ಅನ್ನೋದು ಹಳೇ ತತ್ವ. 1966ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಮಿರಾಜ್‌ಕರ್ ಪ್ರಕರಣದಲ್ಲಿ ಇದನ್ನ ಎತ್ತಿ ಹಿಡಿಯಿತು. ಅದರ ಕಾರಣ ಗಮನಿಸಿ. ಜನ ನೋಡ್ತಿದ್ದರೆ ಕೋರ್ಟು ನೆಟ್ಟಗೆ ನಡೆಯುತ್ತೆ ಅನ್ನೋದು. ಅಂದರೆ ಜನ ನೋಡಬೇಕಾದ್ದು ಕೋರ್ಟನ್ನ. ಎಷ್ಟು ವರ್ಷ ಎಳೆದರು, ಸಾಕ್ಷಿ ಯಾಕೆ ಬರಲಿಲ್ಲ, ಒಂದು ಠಾಣೆಯಿಂದ ಬಂದ ಕೇಸುಗಳಲ್ಲಿ ಎಷ್ಟು ಖುಲಾಸೆ, ಚೆಕ್ ಬೌನ್ಸ್ ಕೇಸಿಗೆ ಎಷ್ಟು ವಾಯಿದೆ. ಈ ಪ್ರಶ್ನೆಗಳಿಗೆ ಉತ್ತರ ಬೇಕು ಅಂದ್ರೆ ಇ-ಕೋರ್ಟ್ಸಿನಲ್ಲಿ ಒಂದೊಂದೇ ಕೇಸು ತೆಗೆದು, ಒಂದೊಂದೇ ಕ್ಯಾಪ್ಚಾ ಹೊಡೆದು ನೀವೇ ಎಣಿಸಬೇಕು. ರಾಷ್ಟ್ರೀಯ ನ್ಯಾಯಾಂಗ ದತ್ತಾಂಶ ಜಾಲ ಅಂತ ಇನ್ನೊಂದು ತಾಣ ಇದೆ, 2015ರಿಂದ. ಜಿಲ್ಲೆಯಲ್ಲಿ ಎಷ್ಟು ಕೇಸು ಬಾಕಿ, ಎಷ್ಟು ಹಳೆಯವು ಅಂತ ಅದು ಚೆನ್ನಾಗಿ ಹೇಳುತ್ತೆ. ಆದರೆ ಠಾಣೆವಾರು ಖುಲಾಸೆ ಎಷ್ಟು ಅಂತ ಕೇಳಿ ನೋಡಿ. ಅದೇ 'ಪಕ್ಕದ ಮನೆಯವನ ಮೇಲೆ ಕೇಸ್ ಇದೆಯಾ' ಅನ್ನೋ ಪ್ರಶ್ನೆಗೆ ಅರ್ಧ ನಿಮಿಷದಲ್ಲಿ ಉತ್ತರ, ಅದೂ ತಪ್ಪಾಗಿರಬಹುದಾದ ಉತ್ತರ. ಸಂಸ್ಥೆಯನ್ನ ನೋಡೋಕೆ ಮಾಡಿದ ಕಿಟಕಿ ಮನುಷ್ಯರ ಕಡೆಗೆ ತೆರೆದುಕೊಂಡಿದೆ. ನನ್ನ ದೊಡ್ಡ ತಕರಾರು ಇದೇ.

ಸುಪ್ರೀಂ ಕೋರ್ಟಿಗೆ ಈ ವ್ಯತ್ಯಾಸ ಗೊತ್ತಿಲ್ಲ ಅಂತಲ್ಲ. ಸೂಕ್ಷ್ಮ ಪ್ರಕರಣ ಬಿಟ್ಟು ಉಳಿದ ಎಫ್‌ಐಆರ್‌ಗಳನ್ನು 24 ಗಂಟೆಯೊಳಗೆ ಪೊಲೀಸ್ ವೆಬ್‌ಸೈಟಿಗೆ ಹಾಕಬೇಕು, ಸಂಪರ್ಕದ ತೊಂದರೆ ಇದ್ದರೆ ಹೆಚ್ಚೆಂದರೆ 72 ಗಂಟೆ ಅಂತ 2016ರ ಸೆಪ್ಟೆಂಬರಿನಲ್ಲಿ ಹೇಳಿತು. ಅದರಲ್ಲಿ ಮೊದಲ ಕಾಳಜಿ ಆರೋಪಿಯದು: ತನ್ನ ಮೇಲೆ ಏನು ಬರೆದಿದ್ದಾರೆ ಅಂತ ಅವನಿಗೆ ಬೇಗ ತಿಳಿಯಲಿ ಅಂತ. ಆದರೆ ದೋಷಾರೋಪ ಪಟ್ಟಿಯನ್ನೂ ಹಾಗೇ ಎಲ್ಲರಿಗೂ ಹಾಕಿ ಅಂತ ಕೇಳಿದಾಗ 2023ರ ಜನವರಿಯಲ್ಲಿ ಆಗಲ್ಲ ಅಂದಿತು. ಆರೋಪಿಯ ಹಕ್ಕಿಗೂ ಸಂತ್ರಸ್ತರ ಹಕ್ಕಿಗೂ ಅದರಿಂದ ಧಕ್ಕೆ ಅಂತ. ಕೋರ್ಟಿನ ಕಡತದ ನಕಲು ಮೂರನೆಯವರಿಗೆ ಬೇಕಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಅಲ್ಲ, ಹೈಕೋರ್ಟ್ ನಿಯಮದ ಪ್ರಕಾರ ಕಾರಣ ಕೊಟ್ಟು ಅರ್ಜಿ ಹಾಕಿ ಅಂತ 2020ರ ಮಾರ್ಚಿನಲ್ಲಿ ಹೇಳಿತು. ನಮ್ಮಲ್ಲೂ ಹಾಗೇ. ನಕಲು ಶಾಖೆಗೆ ಹೋಗಿ, ಅರ್ಜಿ ಬರೆದು, ಕೋರ್ಟ್ ಫೀ ಕಟ್ಟಿ, ಯಾಕೆ ಬೇಕು ಅಂತ ಹೇಳಬೇಕು. ಈ 'ಯಾಕೆ ಬೇಕು' ಅನ್ನೋ ಪ್ರಶ್ನೆ ನನಗೆ ಮೊದಲು ಬ್ರಿಟಿಷರ ಕಾಲದ ಕಿರಿಕಿರಿ ಅನ್ನಿಸ್ತಿತ್ತು. ಈಗ ಹಾಗನ್ನಿಸಲ್ಲ. ಆ ರೈಲಲ್ಲಿ ಯಾರಾದರೂ ನನ್ನನ್ನ ಅದೇ ಪ್ರಶ್ನೆ ಕೇಳಿದ್ದರೆ ನಾಚಿಕೆಯಾಗಿ ಫೋನ್ ಒಳಗಿಡ್ತಿದ್ದೆ.

ಹೆಸರಿನ ವಿಷಯದಲ್ಲಿ ನಮ್ಮ ಹೈಕೋರ್ಟೇ ಒಂದು ದಾರಿ ತೋರಿಸಿದೆ. 2017ರ ಜನವರಿಯಲ್ಲಿ ಒಬ್ಬ ತಂದೆ, ಮುಗಿದುಹೋದ ಪ್ರಕರಣವೊಂದರಲ್ಲಿ ತನ್ನ ಮಗಳ ಹೆಸರು ಇಂಟರ್ನೆಟ್ಟಿನಲ್ಲಿ ಸಿಗ್ತಿದೆ, ಅವಳ ಸಂಸಾರಕ್ಕೆ ತೊಂದರೆ ಆಗುತ್ತೆ ಅಂತ ಕೋರ್ಟಿಗೆ ಹೋದರು. ನ್ಯಾಯಮೂರ್ತಿ ಆನಂದ ಬೈರಾರೆಡ್ಡಿಯವರು, ಹುಡುಕಿದಾಗ ಹೆಸರು ಕಾಣದ ಹಾಗೆ ರಿಜಿಸ್ಟ್ರಿ ನೋಡಿಕೊಳ್ಳಲಿ, ದೃಢೀಕೃತ ನಕಲಿನಲ್ಲಿ ಮಾತ್ರ ಹೆಸರು ಇದ್ದೇ ಇರಲಿ ಅಂತ ಆದೇಶಿಸಿದರು. ಎಷ್ಟು ಸರಳ ನೋಡಿ. ದಾಖಲೆ ಅಳಿಸಲಿಲ್ಲ, ಸುಳ್ಳು ಮಾಡಲಿಲ್ಲ. ಕೌಂಟರಿಗೆ ಬಂದವನಿಗೆ ಸಿಗುತ್ತೆ, ಆಟೋದಲ್ಲಿ ಕೂತು ಬೆರಳಾಡಿಸುವವನಿಗೆ ಸಿಗಲ್ಲ. ಅದೇ ವರ್ಷ ಆಗಸ್ಟಿನಲ್ಲಿ ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟ್ ಹೇಳಿತು. ಆ ಕೇಸು ಹಾಕಿದ್ದೂ ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಇಂಗ್ಲೆಂಡಿನಲ್ಲಿ 1974ರಿಂದಲೇ ಒಂದು ಕಾಯ್ದೆ ಇದೆ. ಸಣ್ಣ ಶಿಕ್ಷೆ ಅನುಭವಿಸಿದವನು ಇಷ್ಟು ವರ್ಷ ನೆಟ್ಟಗಿದ್ದರೆ ಆ ಶಿಕ್ಷೆಯನ್ನ ಸಾಮಾನ್ಯವಾಗಿ ಎಲ್ಲೂ ಹೇಳಿಕೊಳ್ಳಬೇಕಾಗಿಲ್ಲ. ನಮ್ಮಲ್ಲಿ ಮಕ್ಕಳಿಗೆ ಬಾಲನ್ಯಾಯ ಕಾಯ್ದೆ ಅಂಥ ರಕ್ಷಣೆ ಕೊಡುತ್ತೆ. ದೊಡ್ಡವರಿಗೆ ಅಷ್ಟು ವ್ಯಾಪಕವಾದದ್ದು ಇಲ್ಲ. ಮರದ ಕೆಳಗೆ ಎಲೆ ಆಡಿದ ಐವತ್ತು ವರ್ಷದವನ ಹೆಸರು ಆ ಪಟ್ಟಿಯಲ್ಲಿ ಹಾಗೇ ಇರುತ್ತೆ. ಅವನ ಹೆಸರಿನ ಬೇರೆ ಹುಡುಗರ ಕೊರಳಿಗೂ ಅದು ಆಗಾಗ ಬೀಳುತ್ತಿರುತ್ತೆ.

ಹಾಗಂತ ಹೆಸರು ಹುಡುಕಲೇಬೇಕಾದ ಜಾಗಗಳೂ ಇವೆ. ಚುನಾವಣೆಗೆ ನಿಂತವರು. 2002ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಅಭ್ಯರ್ಥಿಗಳು ತಮ್ಮ ಕ್ರಿಮಿನಲ್ ಕೇಸುಗಳ ವಿವರ ಕೊಡಲೇಬೇಕು. ಈಗಿನ ನಮೂನೆ 26ರ ಪ್ರಮಾಣಪತ್ರದಲ್ಲಿ ಎಫ್‌ಐಆರ್ ನಂಬರು, ಠಾಣೆ, ಕೋರ್ಟು, ಕೇಸ್ ನಂಬರು, ಸೆಕ್ಷನ್ನು ಎಲ್ಲಾ ಇರುತ್ತೆ. ಪಕ್ಷಗಳು ಅಂಥವರನ್ನ ಯಾಕೆ ಆರಿಸಿದೆವು ಅಂತ ಕಾರಣ ಸಮೇತ ಪ್ರಕಟಿಸಬೇಕು ಅಂತ 2020ರ ಫೆಬ್ರವರಿಯಲ್ಲಿ ಇನ್ನೊಂದು ಆದೇಶ ಬಂತು. ಆ ನಂಬರನ್ನ ತಗೊಂಡು ಇ-ಕೋರ್ಟ್ಸಿನಲ್ಲಿ ಹಾಕಿ ನೋಡಿ. ಎಷ್ಟು ಸಲ ವಾಯಿದೆ ಬಿತ್ತು, ಎಷ್ಟು ವರ್ಷದಿಂದ ಸಾಕ್ಷಿ ವಿಚಾರಣೆಯ ಹಂತದಲ್ಲೇ ಇದೆ, ಹೈಕೋರ್ಟಲ್ಲಿ ತಡೆ ಇದೆಯಾ, ಎಲ್ಲಾ ಸಿಗುತ್ತೆ. ಇಲ್ಲಿ ಹೆಸರಿನ ಗೊಂದಲ ಇಲ್ಲ, ನೋಡೋಕೆ ಕಾರಣ ಇದೆ, ನೋಡಿಸಿಕೊಳ್ಳೋದು ಅವರು ಒಪ್ಪಿಕೊಂಡ ಕೆಲಸದ ಭಾಗ. ಈ ತಾಣ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಆದರೆ ಮತ ಹಾಕೋ ಮುಂಚೆ ನಮ್ಮಲ್ಲಿ ಎಷ್ಟು ಜನ ಇದನ್ನ ಮಾಡಿದ್ದೇವೆ? ನಾನಂತೂ ಮಾಡಿರಲಿಲ್ಲ. ಒಬ್ಬ ಎಂಎಲ್‌ಎಯ ಕೇಸು ನೋಡದವನು ಒಬ್ಬ ಮದುವೆ ಗಂಡಿನ ಕೇಸು ನೋಡಿದೆ.

ಕೆಲಸಕ್ಕೆ ತಗೊಳ್ಳುವವರಿಗೂ ಒಂದು ಮಾತು. ನಿಮ್ಮ ಪೈಕಿ ಕೆಲವರು ಎಚ್‌ಆರ್‌ನಲ್ಲಿರ್ತೀರಿ. ಬ್ಯಾಕ್‌ಗ್ರೌಂಡ್ ವೆರಿಫಿಕೇಷನ್ ವರದಿಯಲ್ಲಿ ಕೆಂಪು ಗುರುತು ಕಂಡರೆ, ತಂದೆ ಹೆಸರು ಮತ್ತು ವಯಸ್ಸು ತಾಳೆಯಾಗಿದೆಯಾ ಅಂತ ಮೊದಲು ಕೇಳಿ. ಇತ್ಯರ್ಥ ಹೇಗಾಯಿತು ಅಂತ ಕೇಳಿ. ಆಮೇಲೆ ಆ ಅಭ್ಯರ್ಥಿಯನ್ನೇ ಕೂರಿಸಿ ಕೇಳಿ. ಸರ್ಕಾರಿ ಕೆಲಸದ ವಿಷಯದಲ್ಲಿ, ಚಿಕ್ಕ ವಯಸ್ಸಲ್ಲಿ ಘೋಷಣೆ ಕೂಗಿದ್ದಕ್ಕೆ ಬಿದ್ದ ಕೇಸಿನಂಥ ಕ್ಷುಲ್ಲಕ ವಿಷಯವನ್ನ ಮುಚ್ಚಿಟ್ಟಿದ್ದರೂ ಅಧಿಕಾರಿ ಅದನ್ನ ಕ್ಷಮಿಸಬಹುದು ಅಂತ ಸುಪ್ರೀಂ ಕೋರ್ಟೇ 2016ರಲ್ಲಿ ಹೇಳಿದೆ. ಖಾಸಗಿ ಕಂಪನಿಗೆ ಅಷ್ಟು ದೊಡ್ಡ ಮನಸ್ಸು ಯಾಕಿರಬಾರದು?

ತಾಣ ಮಾಡುವವರು ಸರಿಪಡಿಸಬೇಕಾದ್ದು ಬಹಳ ಇಲ್ಲ. ಡಿಸ್ಪೋಸ್ಡ್ ಅನ್ನೋ ಪದದ ಜಾಗದಲ್ಲಿ ಮೊದಲ ಸಾಲಲ್ಲೇ ಖುಲಾಸೆ, ಶಿಕ್ಷೆ, ರಾಜಿ, ವರ್ಗ ಅಂತ ಕನ್ನಡದಲ್ಲಿ ಬರೀಲಿ. ಒಪ್ಪಿಸಿದ ಮತ್ತು ಸ್ಪ್ಲಿಟ್ ಆದ ಕೇಸಿನ ಪುಟದಿಂದ ಹೊಸ ನಂಬರಿಗೆ ಕೊಂಡಿ ಇರಲಿ. ಖುಲಾಸೆಯಾಗಿ ಮೇಲ್ಮನವಿ ಅವಧಿಯೂ ಮುಗಿದ ಸಣ್ಣ ಕೇಸುಗಳು ನಂಬರಿನಿಂದ ಹುಡುಕಿದರೆ ಸಿಗಲಿ, ಹೆಸರಿನಿಂದ ಹುಡುಕಿದರೆ ಬೇಡ. ಅದರ ಬದಲು ಠಾಣೆವಾರು, ಕೋರ್ಟುವಾರು ಲೆಕ್ಕವನ್ನ ಧಾರಾಳವಾಗಿ ತೆರೆಯಲಿ. ಪಟ್ಟಿಯಲ್ಲಿ ತಂದೆ ಹೆಸರು, ವಯಸ್ಸು ಸೇರಿಸಿ ಅಂತ ನಾನು ಕೇಳ್ತಿಲ್ಲ. ಹಾಗೆ ಮಾಡಿದರೆ ತಪ್ಪು ಮನುಷ್ಯ ಬಚಾವಾಗ್ತಾನೆ, ನಿಜ. ಆದರೆ ಎಲೆ ಆಡಿ ದಂಡ ಕಟ್ಟಿ ಮುಗಿಸಿದವನ ಪಾಡು ಇನ್ನೂ ಕೆಡುತ್ತೆ.

ಮೊನ್ನೆ ದೊಡ್ಡಮ್ಮ ಮತ್ತೆ ಫೋನ್ ಮಾಡಿದ್ದರು. ಮಹಡಿ ಮನೆ ಖಾಲಿಯಾಗಿದೆಯಂತೆ, ಬಾಡಿಗೆಗೆ ಕುಣಿಗಲ್ ಕಡೆಯ ಒಬ್ಬ ಹುಡುಗ ಕೇಳ್ಕೊಂಡು ಬಂದಿದ್ದಾನಂತೆ. "ಅದೇ ವೆಬ್‌ಸೈಟಲ್ಲಿ ಒಂಚೂರು..." ಅಂದರು.

"ದೊಡ್ಡಮ್ಮ, ಹೋದ ಸಲ ಏನಾಯ್ತು ನೆನಪಿದೆ ತಾನೇ?"

ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಮತ್ತೆ ಹೆಂಗೋ ಗೊತ್ತು ಮಾಡ್ಕಳಾದು?" ಅಂದರು.

"ಹಿಂದೆ ಎಲ್ಲಿದ್ದ ಅಂತ ಕೇಳಿ, ಆ ಓನರ್ ನಂಬರ್ ತಗೊಂಡು ಮಾತಾಡಿ. ಪೊಲೀಸ್ ವೆರಿಫಿಕೇಷನ್ ಬೇಕು ಅನ್ಸಿದ್ರೆ ಅವನಿಗೆ ಹೇಳಿಯೇ ಮಾಡ್ಸಿ."

"ಹಂಗಾರೆ ನೀನೇ ಬಂದು ಮಾತಾಡ್ಸು, ಭಾನುವಾರ ಬತ್ತಾನೆ" ಅಂತ ಫೋನ್ ಇಟ್ಟರು. ಭಾನುವಾರ ಹೋಗ್ತಿದ್ದೀನಿ.